ಎರಡು ವರ್ಷ ಶೆಡ್ಡಿನಲ್ಲಿ ನಿಂತ ಮಾರುತಿ 800: ಮೊದಲು ಎಲ್ಲಿಗೆ ಕೈ ಹಾಕಬೇಕು?

ಪ್ರಶ್ನೆ: ನಮ್ಮದು ಸಿರ್ಸಿ ಹತ್ತಿರದ ಹಳ್ಳಿ. ಅಪ್ಪ ತೆಗೆದುಕೊಂಡಿದ್ದ 1998ರ ಮಾರುತಿ 800 ಎರಡು ವರ್ಷದಿಂದ ಅಡಿಕೆ ಶೆಡ್ಡಿನಲ್ಲಿ ನಿಂತಿದೆ. ಕಾರ್ಬ್ಯುರೇಟರ್ ಗಾಡಿ, ನಾಲ್ಕು ಗೇರು. 86 ಸಾವಿರ ಕಿಲೋಮೀಟರ್ ಓಡಿದೆ. ಬೈಕಿನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಕಾರಿನ ಕೆಳಗೆ ಯಾವತ್ತೂ ಮಲಗಿಲ್ಲ. ಪೇಟೆಯ ಮೆಕ್ಯಾನಿಕ್ ಒಬ್ಬರು ನೋಡಿ ಇಂಜಿನ್ ಇಳಿಸಿ ಬಿಚ್ಚಬೇಕು ಎಂದರು. ಮನೆಯಲ್ಲೇ ಎಷ್ಟು ಮಾಡಬಹುದು? ಜೊತೆಗೆ ಅಲಾಯ್ ವೀಲ್, ಎಲ್‌ಇಡಿ ಹೆಡ್‌ಲೈಟ್, ಮ್ಯೂಸಿಕ್ ಸಿಸ್ಟಮ್, ಸಾಧ್ಯವಾದರೆ ಎಸಿ ಕೂಡ ಹಾಕಿಸುವ ಆಸೆ ಇದೆ.

ಉತ್ತರ: ಇಂಜಿನ್ ಇಳಿಸುವ ಮಾತು ಸದ್ಯಕ್ಕೆ ಬಿಡಿ. 86 ಸಾವಿರ ಆ 796 ಸಿಸಿ ಇಂಜಿನ್‌ಗೆ ಒಂದು ವಯಸ್ಸೇ ಅಲ್ಲ. ಆಯಿಲ್ ಸರಿಯಾಗಿ ಬದಲಾಯಿಸಿಕೊಂಡು ಬಂದಿದ್ದರೆ ಒಂದೂವರೆ ಲಕ್ಷ ದಾಟಿದ ಮೇಲೂ ಬಿಚ್ಚದೆ ಓಡುತ್ತಿರುವ 800ಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಕಾರಿನಲ್ಲಿ ಹಾಳಾಗಿರುವುದು ಬೇರೆ: ರಬ್ಬರು. ಬ್ರೇಕಿನ ಒಳಗಿನ ಕಪ್, ಪೆಟ್ರೋಲ್ ಪೈಪು, ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟು, ಟೈಮಿಂಗ್ ಬೆಲ್ಟು, ಟೈರು. ಕಬ್ಬಿಣ ಓಡಿದಷ್ಟು ಸವೆಯುತ್ತದೆ. ರಬ್ಬರು ಸುಮ್ನೆ ನಿಂತಿದ್ದರೂ ಮುದಿಯಾಗುತ್ತದೆ. ನಿಮ್ಮ ದುಡ್ಡಿನ ಮೊದಲ ಪಾಲು ಅಲ್ಲಿಗೇ ಹೋಗಬೇಕು. ಅಲಾಯ್ ವೀಲಿನ ವಿಷಯಕ್ಕೆ ಆಮೇಲೆ ಬರೋಣ.

ಬಿಡಿಭಾಗದ ಚಿಂತೆ ಬೇಡ. ಈ ಕಾರು 1983ರ ಡಿಸೆಂಬರ್‌ನಿಂದ 2014ರ ಜನವರಿವರೆಗೆ ತಯಾರಾಯಿತು. ಇದೇ ಇಂಜಿನ್ ಕುಟುಂಬದ ಓಮ್ನಿ 2019ರವರೆಗೂ ಬಂತು. ಬೆಂಗಳೂರಿನ ಜೆ.ಸಿ. ರೋಡ್ ಹಾಗಿರಲಿ, ಶಿವಮೊಗ್ಗ, ಹುಬ್ಬಳ್ಳಿಯ ಅಂಗಡಿಗಳಲ್ಲೇ ಬಹುಪಾಲು ಸಿಗುತ್ತದೆ. ಆದರೆ ನಕಲಿ ಮಾಲೂ ಅಷ್ಟೇ ಸಿಗುತ್ತದೆ. ಒಮ್ಮೆ ನಾನೇ ಮೋಸ ಹೋಗಿದ್ದೆ. ಡಬ್ಬಿ, ಹೊಲೊಗ್ರಾಮ್ ಎಲ್ಲ ಅಸಲಿಯಂತೆಯೇ ಇತ್ತು. ಒಳಗಿನ ಬ್ರೇಕ್ ಕಪ್ ನಾಲ್ಕು ತಿಂಗಳಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿಕೊಂಡಿತು. ಅಂದಿನಿಂದ ಬ್ರೇಕಿನ ವಸ್ತುಗಳನ್ನು ಬಿಲ್ ಕೊಡುವ ಅಂಗಡಿಯಲ್ಲಿ ಮಾತ್ರ ತರುತ್ತೇನೆ.

ಕಾರಿನ ಕೆಳಗೆ ಮಲಗಿಲ್ಲ ಎಂದಿರಲ್ಲ, ಅಲ್ಲಿಂದ ಶುರು ಮಾಡೋಣ. ಗಾಡಿಯ ಜೊತೆ ಬಂದ ಜ್ಯಾಕ್ ಟೈರ್ ಬದಲಾಯಿಸಲಿಕ್ಕೆ ಮಾತ್ರ. ಅದರ ಭರವಸೆಯಲ್ಲಿ ಕೆಳಗೆ ತಲೆ ಹಾಕಬೇಡಿ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು, ಅಂದರೆ ಆಕ್ಸಲ್ ಸ್ಟ್ಯಾಂಡ್, ಒಂದು ಜೊತೆ ಕೊಳ್ಳಿ. ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್ ಇಡಲೇಬೇಡಿ. ಭಾರ ಒಂದೇ ಜಾಗಕ್ಕೆ ಬಿದ್ದರೆ ಅವು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತವೆ. ಅಡಿಕೆ ಶೆಡ್ಡಿನ ನೆಲ ಮಣ್ಣಿನದಾಗಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಬೇಕು. ನಾನು ಹೊಸದಾಗಿ ಕೆಲಸ ಕಲಿಯುತ್ತಿದ್ದಾಗ, ಜುಲೈ ತಿಂಗಳ ಒಂದು ಸಂಜೆ, ಒದ್ದೆ ನೆಲದಲ್ಲಿ ಜ್ಯಾಕ್ ಮೆಲ್ಲಗೆ ವಾಲಿ ಕಾರು ಧೊಪ್ಪೆಂದು ಕೂತಿತು. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ತಳ್ಳಿಟ್ಟಿದ್ದೆ, ಅದರ ಮೇಲೆ ಕೂತಿತು. ಬೆರಳು ಉಳಿಯಿತು. ಈಗಲೂ ಚಕ್ರ ಬಿಚ್ಚಿದ ತಕ್ಷಣ ಕೈ ತಾನಾಗಿ ಅದನ್ನು ಕಾರಿನ ಕೆಳಗೆ ತಳ್ಳುತ್ತದೆ.

ಇನ್ನು ಬಾನೆಟ್ ತೆಗೆಯಿರಿ. ಬ್ಯಾಟರಿ ಹಾಕಿ ಕೀ ತಿರುಗಿಸುವ ಆತುರ ಬೇಡ. ಮೊದಲು ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಎತ್ತಿ ನೋಡಿ. ಮಲೆನಾಡಿನ ಶೆಡ್ಡಲ್ಲಿ ನಿಂತ ಗಾಡಿ ಅಂದರೆ ಇಲಿಗೆ ಬಾಡಿಗೆ ಇಲ್ಲದ ಮನೆ. ಒಮ್ಮೆ ಒಂದು ಕಾರಿನ ಫಿಲ್ಟರ್ ಡಬ್ಬಿಯಿಂದ ಎರಡು ಬೊಗಸೆ ಅಡಿಕೆ ಸಿಪ್ಪೆ, ಒಂದು ಹರಿದ ಕಾಲುಚೀಲ ತೆಗೆದಿದ್ದೇನೆ. ಹಾಗೇ ವೈರುಗಳ ಮೇಲೆಲ್ಲ ಬೆರಳಾಡಿಸಿಕೊಂಡು ಹೋಗಿ. ಕಡಿದ ಜಾಗ ಕಣ್ಣಿಗೆ ಬೀಳುವ ಮೊದಲು ಬೆರಳಿಗೆ ಸಿಗುತ್ತದೆ. ಟೇಪು ಸುತ್ತಿ ಮುಗಿಸಬೇಡಿ. ಬೆಸುಗೆ ಹಾಕಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ.

ಆಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಮೂಸಿ. ತಮಾಷೆಯಲ್ಲ. ಈ ಕಾರಿನಲ್ಲಿ ಪೆಟ್ರೋಲ್ ಪಂಪು ಕರೆಂಟಿನದಲ್ಲ, ಇಂಜಿನ್ ತಲೆಯ ಪಕ್ಕದಲ್ಲಿ ಕ್ಯಾಮ್‌ಶಾಫ್ಟ್ ಒತ್ತಿ ನಡೆಸುವಂಥದ್ದು. ಅದರೊಳಗೊಂದು ರಬ್ಬರಿನ ಪರದೆ ಇದೆ. ಅದು ಹರಿದರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ನೀರಾಗಿ, ಮಟ್ಟ ಏರಿ, ಪೆಟ್ರೋಲ್ ವಾಸನೆ ಹೊಡೆದರೆ ಪಂಪು ಬದಲಾಯಿಸಿ. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ ಎಂದರ್ಥ, ಇಂಜಿನ್ ತಲೆ ಮತ್ತು ಬ್ಲಾಕಿನ ನಡುವಿನ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ಇವೆರಡೂ ಇಲ್ಲದಿದ್ದರೂ ಹಳೆ ಆಯಿಲ್ ಚೆಲ್ಲಿ, ಫಿಲ್ಟರ್ ಸಮೇತ ಹೊಸದು ಹಾಕಿ. ಹತ್ತಿರ ಹತ್ತಿರ ಮೂರು ಲೀಟರ್ ಹಿಡಿಯುತ್ತದೆ.

ಮೂರೂ ಪ್ಲಗ್ ಬಿಚ್ಚಿ. ವೈರುಗಳಿಗೆ ನಂಬರ್ ಹಾಕಿಕೊಳ್ಳಿ. ಕಿಡಿಯ ಕ್ರಮ 1-3-2, ಒಂದನೆಯದು ಬೆಲ್ಟಿನ ಕಡೆಯದ್ದು. ಪ್ರತಿ ತೂತಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ, ಗಡಿಯಾರ ತಿರುಗುವ ದಿಕ್ಕಿನಲ್ಲಿ ನಿಧಾನ ಎರಡು ಸುತ್ತು ತಿರುಗಿಸಿ. ತಿರುಗಿತಾ? ಇಂಜಿನ್ ಇಳಿಸಬೇಕಿಲ್ಲ ಎನ್ನುವುದಕ್ಕೆ ಅರ್ಧ ಸಾಕ್ಷಿ ಸಿಕ್ಕಿತು. ಇನ್ನರ್ಧ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜು ಹೇಳುತ್ತದೆ. ಅದನ್ನು ಕಾರು ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ನೋಡಿ. ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮೂರು ಸಿಲಿಂಡರ್‌ಗಳ ನಡುವೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಗೇಜಿನ ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವಿನದು. ಎಷ್ಟೋ ಸಲ ವಾಲ್ವಿನ ಮೇಲಿರಬೇಕಾದ ಸಣ್ಣ ಸಂದು ಹೋಗಿ ಟ್ಯಾಪೆಟ್ ಬಿಗಿಯಾಗಿರುವುದೇ ಕಾರಣ, ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ಇಟ್ಟು ಅರ್ಧ ದಿನದಲ್ಲಿ ಸರಿ ಮಾಡಬಹುದು. ಈ ಪರೀಕ್ಷೆ ಮಾಡದೆ ಇಂಜಿನ್ ಇಳಿಸು ಎನ್ನುವವರನ್ನು ನಾನು ನಂಬುವುದಿಲ್ಲ.

ಪಿಸ್ಟನ್ನು, ವಾಲ್ವುಗಳ ಓಟದ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಕೊನೆಯದಾಗಿ ಯಾವಾಗ ಬದಲಾಗಿದೆ ಎಂದು ಬಿಲ್ಲು ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಈ ಒಂದು ಕೆಲಸ ಮೊದಲ ಸಲ ಅನುಭವಸ್ಥರ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಗುರುತು ಒಂದು ಹಲ್ಲು ತಪ್ಪಿದರೂ ಕಾರು ಎಳೆಯುವುದಿಲ್ಲ.

ಪೆಟ್ರೋಲಿನ ಕಡೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲ್ ಈಗ ವಾರ್ನಿಶ್ ವಾಸನೆ ಬರುತ್ತಿರುತ್ತದೆ, ಪೂರ್ತಿ ತೆಗೆದುಬಿಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ನಿಮ್ಮ ಕಾರು ತಯಾರಾದಾಗ ಇದರ ಸುದ್ದಿಯೇ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆ ಕಿತ್ತು ಫಿಲ್ಟರಿಗೆ ತರುತ್ತದೆ. ಹಾಗಾಗಿ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪೆಲ್ಲ ಬದಲಾಯಿಸಿ. ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಕಪ್ಪು ಪೈಪು ಬೇಡ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ ತನ್ನಿ. ಪೆಟ್ರೋಲ್ ಫಿಲ್ಟರ್ ಈಗೊಂದು ಹಾಕಿ, ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು.

ಕಾರ್ಬ್ಯುರೇಟರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎಲ್ಲ ಕೋನದಿಂದ ಫೋಟೋ ತೆಗೆಯಿರಿ. ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪು ಎಲ್ಲಿಂದ ಎಲ್ಲಿಗೆ ಎಂದು ಆಮೇಲೆ ನೆನಪಿರುವುದಿಲ್ಲ. ಬೈಕಿನದ್ದು ಬಿಚ್ಚಿದ ಕೈ ನಿಮ್ಮದು, ಇದು ಅದರ ದೊಡ್ಡಣ್ಣ ಅಷ್ಟೇ. ಜೆಟ್ಟುಗಳಿಗೆ ತಂತಿ, ಪಿನ್ನು ತೂರಿಸಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್ ಸ್ಪ್ರೇ, ಗಾಳಿ, ಅಷ್ಟು ಸಾಕು. ರಿಪೇರಿ ಕಿಟ್ಟಿನ ಗ್ಯಾಸ್ಕೆಟ್‌ಗಳನ್ನೆಲ್ಲ ಹೊಸದಾಗಿ ಹಾಕಿ. ಸ್ಟಾರ್ಟ್ ಆದ ಮೇಲೆ ಐಡ್ಲಿಂಗ್ ಏರಿಳಿದರೆ ವ್ಯಾಕ್ಯೂಮ್ ಪೈಪುಗಳ ಮೇಲೆ ನೀರಿನ ಸ್ಪ್ರೇ ಬಾಟಲಿಯಿಂದ ಸಣ್ಣಗೆ ಹೊಡೆಯಿರಿ. ಎಲ್ಲಿ ಹೊಡೆದಾಗ ಇಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಸೀಳಿದೆ. ಇಗ್ನಿಶನ್ ವೈರಿನ ಕಡೆ ಮಾತ್ರ ಹೊಡೆಯಬೇಡಿ.

ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಲೆಕ್ಕ ಹಾಕಿದರೆ ಲೀಟರಿಗೆ 6-7% ಶಕ್ತಿ ಖೋತಾ. ಹೊಸ ಕಾರಿನಲ್ಲಿ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಪಾಲು ತಾನಾಗಿ ಹೆಚ್ಚುತ್ತದೆ. ನಿಮ್ಮ ಕಾರ್ಬ್ಯುರೇಟರ್‌ಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಾಗಿ, ಅಂದರೆ ಮಿಶ್ರಣ ತೆಳುವಾಗಿ, ಬೆಳಗ್ಗೆ ಚೋಕ್ ಜಾಸ್ತಿ ಕೇಳುತ್ತದೆ, ಕಾಲೊತ್ತಿದಾಗ ಕ್ಷಣ ಮುಗ್ಗರಿಸುತ್ತದೆ. ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ಸಡಿಲಿಸಿ ನೋಡಿ. ಜಾಸ್ತಿ ತೆರೆದರೆ ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತೀರಿ, ನಿಮ್ಮ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ 3%. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಹುರಿದ ಕಾಫಿ ಬೀಜದ ತಿಳಿ ಬಣ್ಣ ಇದ್ದರೆ ಸರಿ, ಬಿಳಚಿಕೊಂಡಿದ್ದರೆ ತೆಳು, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ.

ಇಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಗೇಟು ದಾಟಬೇಡಿ, ಬ್ರೇಕು ಬಾಕಿ ಇದೆ. ಸಿರ್ಸಿಯವರಿಗೆ ಇದನ್ನು ಒತ್ತಿ ಹೇಳಬೇಕು. ನೀವು ಕುಮಟೆಗೆ ಹೊರಟರೆ ದೇವಿಮನೆ ಘಟ್ಟ ಇಳಿಯಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುವ ವಸ್ತು. ಹೊಸ ಡಾಟ್ 3 ದರ್ಜೆಯ ಆಯಿಲ್ 205 ಡಿಗ್ರಿವರೆಗೂ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಅಷ್ಟು ಬಿಸಿ ಬರುವುದು ಕಷ್ಟವೇನಲ್ಲ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ.

ಹಿಂದಿನ ಎರಡೂ ಡ್ರಮ್ ತೆಗೆಯಿರಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಸುತ್ತಿಗೆ ಎತ್ತುವ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಮಾಡಿ. ಒಳಗೆ ಲೈನರನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿ. ಅಲ್ಲಿಂದ ಒಂದು ಹನಿ ಇಳಿದರೂ ಸಿಲಿಂಡರ್ ಪೂರ್ತಿ ಹೊಸದು ಹಾಕಿ, ಕಪ್ ಮಾತ್ರ ಬದಲಾಯಿಸಿ ಉಳಿಸುವ ದುಡ್ಡು ಉಳಿಯುವುದಿಲ್ಲ. ಚಕ್ರದ ಹತ್ತಿರದ ರಬ್ಬರ್ ಹೋಸುಗಳು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ. ಒಳಗೆ ಊದಿಕೊಂಡಿದ್ದರೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕಾರು ಒಂದು ಕಡೆ ಎಳೆಯುತ್ತದೆ, ಆ ಚಕ್ರ ಮುಟ್ಟಿದರೆ ಸುಡುತ್ತದೆ. ಎಲ್ಲ ಹೋಸೂ ಹೊಸದಿರಲಿ. ಆಮೇಲೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡಿ ಗಾಳಿ ತೆಗೆಯುತ್ತ ಬನ್ನಿ. ಪೆಡಲ್ ಒತ್ತಲು ಮನೆಯವರೊಬ್ಬರು ಬೇಕು. ಒತ್ತಿ, ಹಿಡಿದುಕೊಳ್ಳಿ, ಬಿಡಿ ಎಂಬ ಮೂರು ಮಾತಿನಲ್ಲಿ ಜಗಳ ಆಗದೆ ಮುಗಿದರೆ ನಿಮ್ಮ ಪುಣ್ಯ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಿ. 2316 ಎಂದಿದ್ದರೆ 2016ರ 23ನೇ ವಾರದ್ದು. ಹತ್ತು ವರ್ಷದ ಹತ್ತಿರ ಬಂದಿದ್ದರೆ ಹಲ್ಲು ಎಷ್ಟೇ ಉಳಿದಿದ್ದರೂ ಅವನ್ನು ನಂಬಿ ಘಟ್ಟ ಇಳಿಯಬೇಡಿ.

ಕೂಲಿಂಗ್ ಬಗ್ಗೆ ಒಂದೇ ತಕರಾರು. ನಮ್ಮ ಕಡೆ ಬಹಳ ಮೆಕ್ಯಾನಿಕ್‌ಗಳು ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿರುತ್ತಾರೆ. "ನಮ್ಮ ದೇಶಕ್ಕೆ ಅದು ಬೇಡ" ಅನ್ನೋದು ಅವರ ವಾದ. ಬೇಕು. ಅದಿಲ್ಲದೆ ಇಂಜಿನ್ ತನ್ನ ಬಿಸಿಗೆ ಬರುವುದೇ ಇಲ್ಲ, ಮಳೆಗಾಲದಲ್ಲಂತೂ ಪೆಟ್ರೋಲ್ ಸುಮ್ನೆ ಕುಡಿಯುತ್ತದೆ. ಹೌಸಿಂಗ್ ಬಿಚ್ಚಿ ನೋಡಿ, ಇಲ್ಲದಿದ್ದರೆ ಹಾಕಿ. ರೇಡಿಯೇಟರಿಗೆ ಬರೀ ನೀರು ಬೇಡ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧ ಅರ್ಧ.

ಇಷ್ಟಾದ ಮೇಲೆ ಒಂದು ಸ್ಕ್ರೂಡ್ರೈವರ್ ಹಿಡಿದು ತುಕ್ಕು ಹುಡುಕಲು ಹೊರಡಿ. ಮ್ಯಾಟು ಎತ್ತಿ ನೆಲ ಒತ್ತಿ. ಬ್ಯಾಟರಿ ತಟ್ಟೆಯ ಕೆಳಗೆ, ಜ್ಯಾಕ್ ಇಡುವ ಜಾಗ, ಮುಂದಿನ ಸಸ್ಪೆನ್ಶನ್ ಬಾಡಿಗೆ ಸೇರುವ ಕಡೆ, ಎಲ್ಲ ಚುಚ್ಚಿ ನೋಡಿ. ನೆಲದಲ್ಲಿ ತೂತಿದ್ದರೆ ತಗಡು ಬೆಸೆದು ಉಳಿಸಿಕೊಳ್ಳಬಹುದು. ಸಸ್ಪೆನ್ಶನ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ, ಬೇಜಾರು ಮಾಡಿಕೊಳ್ಳಬೇಡಿ, ಈ ಕಾರಿಗೆ ಇನ್ನು ದುಡ್ಡು ಹಾಕಬೇಡಿ. ನಿಜ ಹೇಳಬೇಕೆಂದರೆ ಈ ಪರೀಕ್ಷೆ ಮೊದಲ ದಿನವೇ ಮಾಡುವುದು ಒಳ್ಳೆಯದು, ಬೇರೆ ಖರ್ಚಿಗೆ ಮುಂಚೆ. ಬಾಗಿಲ ಕೆಳಗಂಚಿನ ಸಣ್ಣ ತೂತುಗಳಲ್ಲಿ ಕಸ ತುಂಬಿದ್ದರೆ ತಂತಿಯಿಂದ ಬಿಡಿಸಿ, ನೀರು ಅಲ್ಲಿಂದಲೇ ಹೊರಹೋಗಬೇಕು.

ಈಗ ನಿಮ್ಮ ಆಸೆಗಳ ಪಟ್ಟಿಗೆ ಬರೋಣ. ಎಲ್‌ಇಡಿ ಬಲ್ಬು ಬೇಡ. ನಿಮ್ಮ ಹೆಡ್‌ಲೈಟಿನ ಕನ್ನಡಿ ಸಣ್ಣ ತಂತಿಯೊಂದು ಒಂದೇ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದಲ್ಲಿ ಮಾಡಿದ್ದು. ಎಲ್‌ಇಡಿ ಹಾಕಿದರೆ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತದೆ. ಆದರೆ ಹಳೆ 800ರ ಲೈಟು ಮಂಕು ಎನ್ನುವುದು ನಿಜ. ಕಾರಣ ಬಲ್ಬಲ್ಲ, ವೈರು. ನನ್ನದೇ ಕಾರಿನಲ್ಲಿ ಅಳತೆ ಮಾಡಿದ್ದೆ. ಇಂಜಿನ್ ಓಡುತ್ತಿದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹಿಂದೆ 11.6. ಎರಡು ವೋಲ್ಟು ಎಲ್ಲಿ ಹೋಯಿತು? ಎರಡು 55 ವಾಟ್ ಬಲ್ಬಿಗೆ ಒಂಬತ್ತು ಆಂಪಿಯರ್ ಹತ್ತಿರ ಬೇಕು. ಅಷ್ಟೂ ಕರೆಂಟು ಹಳೆಯ ಸ್ವಿಚ್ಚು, ತೆಳು ವೈರಿನ ಮೂಲಕ ಹಾದು ಬರಬೇಕು. ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ನನ್ನ ಕಾರಿನಲ್ಲಿ ಬೆಳಕು ಹತ್ತಿರ ಹತ್ತಿರ ಅರ್ಧವೇ ಆಗಿತ್ತು.

ಇದಕ್ಕೆ ಮದ್ದು ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಚ್ಚುವ ಸ್ವಿಚ್ಚು, ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿಯ ಬುಡದಲ್ಲೇ ಫ್ಯೂಸು. 87ರಿಂದ ಬಲ್ಬಿಗೆ. 85, 86 ಸುರುಳಿಯ ಎರಡು ತುದಿ, ಹಳೆ ಬಲ್ಬ್ ವೈರು ಈಗ ಅದನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪ್ಲಸ್ ಕಡೆ ಇರುತ್ತದೆ, ಕೆಲವುದರಲ್ಲಿ ಅರ್ತ್ ಕಡೆ. ಮೊದಲು ಮಲ್ಟಿಮೀಟರ್ ಇಟ್ಟು ನಿಮ್ಮದು ಯಾವುದು ಎಂದು ತಿಳಿದುಕೊಂಡು ಜೋಡಿಸಿ. ಬಲ್ಬು ಅದೇ 60/55 ವಾಟಿನ ಎಚ್4 ಇರಲಿ, 100/90 ಹಾಕಬೇಡಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಈ ಕೆಲಸವೇ ಈ ಕಾರಿಗೆ ಸಿಗುವ ಅತ್ಯುತ್ತಮ ಅಪ್‌ಗ್ರೇಡ್ ಎಂದು ನನ್ನ ಅಭಿಪ್ರಾಯ. ಮಂಜು ಬಿದ್ದ ರಾತ್ರಿ ಒಮ್ಮೆ ಓಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಅಲಾಯ್ ಸಿಗುತ್ತದೆ. ನಾಲ್ಕು ಬೋಲ್ಟು, ಅವು ಕೂರುವ ವೃತ್ತ 114.3 ಮಿಲಿಮೀಟರ್ ಎಂದು ಕೇಳಿ. 12 ಇಂಚಿನದೇ ಆದರೆ ಅಭ್ಯಂತರವಿಲ್ಲ. 13 ಇಂಚಿಗೆ ಹೋದರೆ ಲೆಕ್ಕ ಹೀಗಾಗುತ್ತದೆ: ನಿಮ್ಮ 145/70 ಆರ್12 ಟೈರಿನ ಎತ್ತರ 508 ಮಿಲಿಮೀಟರ್, 155/65 ಆರ್13ರದ್ದು 532. ಸುಮಾರು 5% ದೊಡ್ಡದು. ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಎಲ್ಲ ಗೇರೂ 5% ಉದ್ದವಾದ ಹಾಗೆ ಆಗುತ್ತದೆ. 37 ಕುದುರೆ ಶಕ್ತಿಯ ಕಾರು ಘಟ್ಟ ಹತ್ತುವಾಗ ಅಷ್ಟೂ ಗೊತ್ತಾಗುತ್ತದೆ. ಕಾನೂನೂ ಅಡ್ಡ ಬರಬಹುದು. ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ದಾಖಲಾಗಬೇಕು.

ಮ್ಯೂಸಿಕ್ ಧಾರಾಳವಾಗಿ ಹಾಕಿ. ಬ್ಯಾಟರಿಯಿಂದ ಪ್ರತ್ಯೇಕ ವೈರು, ಫ್ಯೂಸು. ದೊಡ್ಡ ಆಂಪ್ಲಿಫೈಯರ್, ಸಬ್‌ವೂಫರ್ ಮಾತ್ರ ಬೇಡ, 35 ಆಂಪಿಯರ್-ಅವರ್ ಬ್ಯಾಟರಿ ಅದಕ್ಕೆ ಸಾಲುವುದಿಲ್ಲ.

ಕಾಗದದ ಕೆಲಸ ಮರೆಯಬೇಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ನಿಮ್ಮ ಗಾಡಿಗೆ ಅದು 2013, 2018, 2023ರಲ್ಲಿ ಆಗಿರಬೇಕು. 2023ರದ್ದು ತಪ್ಪಿದ್ದರೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಬೇಕು, ದಂಡವೂ ಇದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದರು. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಇದನ್ನು ಲೆಕ್ಕಕ್ಕೆ ಹಿಡಿದೇ ಮುಂದಿನ ಖರ್ಚಿಗೆ ಕೈ ಹಾಕಿ.

ಎಸಿ ಉಳಿಯಿತು. ಹಾಕಿಸಬಹುದು, ಆ ಕಾಲದ ಎಸಿ ಮಾಡೆಲ್ಲಿನ ಕಂಪ್ರೆಸರ್, ಬ್ರಾಕೆಟ್, ಕೂಲಿಂಗ್ ಕಾಯಿಲ್ ಎಲ್ಲ ಹಳೆ ಸಾಮಾನಿನಲ್ಲಿ ಸಿಗುತ್ತದೆ. ಕಂಪ್ರೆಸರ್ ತಿರುಗಲು ಆ 37 ಕುದುರೆ ಶಕ್ತಿಯಲ್ಲೇ ಪಾಲು ಕೊಡಬೇಕು. ಕುಮಟೆಯಿಂದ ವಾಪಸ್ ಬರುವಾಗ ದೇವಿಮನೆ ಬುಡದಲ್ಲಿ ನೀವೇ ಅದನ್ನು ಆಫ್ ಮಾಡಿ ಕಿಟಕಿ ಇಳಿಸುತ್ತೀರಿ. ಆ ದುಡ್ಡಿಗೆ ನಾಲ್ಕು ಹೊಸ ಟೈರು, ನಾಲ್ಕು ಶಾಕ್ ಅಬ್ಸಾರ್ಬರ್ ತನ್ನಿ. ಉಳಿದರೆ ಅಪ್ಪ ಕೂರುವ ಸೀಟಿಗೆ ಹೊಸ ಫೋಮು ಹಾಕಿಸಿ.